ಹೃತ್ಕವಾಟರೋಗದ ಲಿಂಗಪರೀಕ್ಷೆ: ಲೆನೆಕ್ಕನ ಶ್ರವಣಗ್ರಂಥದ ವಿಮರ್ಶೆ

ಕಣ್ಣಿಗೆ ಕಾಣದ ಅಗ್ನಿಯನ್ನು ಕಾಣುವ ಧೂಮದಿಂದ ತಿಳಿಯುವುದು ಅನುಮಾನವೆಂದು ತಾರ್ಕಿಕರು ಹೇಳುವರು. ಎದೆಯ ಗೂಡಿನೊಳಗೆ ಅಡಗಿರುವ ರೋಗವನ್ನು ಹೊರಗೆ ತೋರುವ ಚಿಹ್ನೆಗಳಿಂದ ತಿಳಿಯುವ ವೈದ್ಯನ ಕಾರ್ಯವೂ ಅದೇ ಜಾತಿಯದು. ಅಲ್ಲಿ ಧೂಮವನ್ನು ತಪ್ಪಾಗಿ ತಿಳಿದರೆ ಪರ್ವತಕ್ಕೆ ಹಾನಿಯಿಲ್ಲ. ಇಲ್ಲಿ ಲಿಂಗವನ್ನು ತಪ್ಪಾಗಿ ತಿಳಿದರೆ ಮನುಷ್ಯನ ಆಯುಸ್ಸಿಗೇ ಹಾನಿ. ಆದುದರಿಂದ ರೋಗಲಿಂಗಗಳನ್ನು ನಿರೂಪಿಸುವ ಗ್ರಂಥವನ್ನು ಅದರ ಕೀರ್ತಿಯಿಂದ ಅಳೆಯದೆ, ಅದು ಹೇಳುವ ವ್ಯಾಪ್ತಿಗಳು ಪರೀಕ್ಷೆಗೆ ನಿಲ್ಲುವುವೇ ಇಲ್ಲವೇ ಎಂಬುದರಿಂದ ಅಳೆಯುವುದು ನ್ಯಾಯವಾಗಿದೆ.

ಅಂತಹ ಗ್ರಂಥಗಳಲ್ಲಿ ರೆನೆ ಲೆನೆಕ್ ಎಂಬ ಫ್ರೆಂಚ್ ವೈದ್ಯನು (೧೭೮೧–೧೮೨೬) ರಚಿಸಿ, ೧೮೧೯ರಲ್ಲಿ ಪ್ಯಾರಿಸಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಶ್ರವಣಗ್ರಂಥವು ಅಗ್ರಗಣ್ಯವಾದುದು. ಕಿವಿಗೂ ಎದೆಗೂ ನಡುವೆ ಸಾಧನವೊಂದನ್ನಿಟ್ಟು ಆಲಿಸಿ, ಪುಪ್ಪುಸ ಮತ್ತು ಹೃದಯಗಳ ರೋಗಗಳನ್ನು ನಿರ್ಣಯಿಸುವ ಕ್ರಮವೇ ಅದರ ವಿಷಯ. ಈ ಗ್ರಂಥಕ್ಕೆ ಸ್ತುತಿಯು ಬೇಕಾದಷ್ಟು ದೊರೆತಿದೆ. ಆದರೆ ಪುಪ್ಪುಸರೋಗಗಳ ವಿಷಯದಲ್ಲಿ ಅದಕ್ಕೆ ಸಲ್ಲುವ ಸ್ತುತಿಯನ್ನು ಹೃದಯದ ಭಾಗಕ್ಕೂ ಹಾಗೆಯೇ ಸಲ್ಲಿಸುವುದು ವಿಚಾರವಂತರಿಗೆ ಉಚಿತವಲ್ಲ. ಹೃತ್ಕವಾಟಗಳ ರೋಗವನ್ನು ಕುರಿತು ಅದು ಹೇಳುವುದರಲ್ಲಿ ಸಿದ್ಧವಾದುದೆಷ್ಟು, ಆಭಾಸವೆಷ್ಟು, ಆಭಾಸಕ್ಕೆ ಕಾರಣವೇನು ಎಂಬುದನ್ನು ನೋಡಿ, ಕವಾಟಗಳನ್ನೇ ಕಣ್ಣಿಗೆ ತೋರಿಸುವ ಯಂತ್ರಗಳಿರುವ ಈ ಕಾಲದಲ್ಲಿಯೂ ಅಂತಹ ಅನುಮಾನಕ್ಕೆ ಸ್ಥಾನವುಂಟೇ ಎಂದು ನಿರ್ಣಯಿಸುವುದು ಇಲ್ಲಿಯ ಉದ್ದೇಶ.

೧

ಮೊದಲು ವಿಷಯಸ್ವರೂಪವನ್ನು ಹೇಳಬೇಕು. ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನವೆರಡು ಹೃತ್ಕರ್ಣಗಳು, ಕೆಳಗಿನವೆರಡು ಹೃತ್ಕುಕ್ಷಿಗಳು. ಎಡಗಡೆಯ ಕರ್ಣಕ್ಕೂ ಕುಕ್ಷಿಗೂ ನಡುವೆ ದ್ವಿದಳಕವಾಟ, ಬಲಗಡೆಯವುಗಳ ನಡುವೆ ತ್ರಿದಳಕವಾಟ. ಎಡಕುಕ್ಷಿಯಿಂದ ಮಹಾಧಮನಿ ಹೊರಡುವಲ್ಲಿ ಒಂದು, ಬಲಕುಕ್ಷಿಯಿಂದ ಪುಪ್ಪುಸಧಮನಿ ಹೊರಡುವಲ್ಲಿ ಮತ್ತೊಂದು. ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಾರದಂತೆ ತಡೆಯುವುದೇ ಇವುಗಳ ಕೆಲಸ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇವು ತೆರೆದು ಮುಚ್ಚುತ್ತವೆ. ಆದುದರಿಂದ ಕವಾಟದ ದೋಷವು ಎರಡೇ ಬಗೆ: ತೆರೆಯಬೇಕಾದಾಗ ಪೂರ್ತಿಯಾಗಿ ತೆರೆಯದಿರುವುದು, ಮುಚ್ಚಬೇಕಾದಾಗ ಪೂರ್ತಿಯಾಗಿ ಮುಚ್ಚದಿರುವುದು. ಮೊದಲನೆಯದನ್ನು ದ್ವಾರಸಂಕೋಚವೆಂದೂ, ರಕ್ತವು ಹಿಂದಕ್ಕೆ ಸೋರುವ ಎರಡನೆಯದನ್ನು ಪ್ರತಿಸ್ರಾವವೆಂದೂ ಕರೆಯಬಹುದು.

ಸ್ವಸ್ಥನ ಎದೆಗೆ ಕಿವಿಗೊಟ್ಟರೆ ಒಂದೊಂದು ಬಡಿತದಲ್ಲಿಯೂ ಎರಡೆರಡು ಶಬ್ದಗಳು ಕೇಳಿಬರುತ್ತವೆ. ಕವಾಟವು ಕೆಟ್ಟಾಗ ಈ ಶಬ್ದಗಳ ನಡುವಣ ಮೌನದಲ್ಲಿ ಬೇರೊಂದು ಧ್ವನಿಯು ಸೇರಿಕೊಳ್ಳಬಹುದು. ಇದಕ್ಕೆ ವೈದ್ಯರು ಮರ್ಮರವೆನ್ನುವರು. ಬಟ್ಟೆಗಳ ಮತ್ತು ಎಲೆಗಳ ಸದ್ದಿಗೆ ಅಮರಕೋಶವು ಕೊಡುವ ಹೆಸರು ಇದೇ. ಶಬ್ದವು ಈ ಅರ್ಥಕ್ಕೆ ಚೆನ್ನಾಗಿ ಒಪ್ಪುತ್ತದೆ; ಏಕೆಂದರೆ ಗಾಳಿಯ ವೇಗದಿಂದ ಎಲೆ ಸದ್ದು ಮಾಡುವಂತೆ, ರಕ್ತದ ಪ್ರವಾಹವು ಕದಡಿ ಸುಳಿಗೊಂಡಾಗ ಈ ಧ್ವನಿ ಹುಟ್ಟುತ್ತದೆ. ಇಲ್ಲಿ ಧ್ವನಿಗೆ ಸಾಕ್ಷಾತ್ಕಾರಣವು ಪ್ರವಾಹದ ಕದಡುವಿಕೆಯೇ ಹೊರತು ಕವಾಟದ ದೋಷವಲ್ಲ. ಕವಾಟದ ದೋಷವು ಆ ಕದಡುವಿಕೆಗೆ ಇರಬಹುದಾದ ಕಾರಣಗಳಲ್ಲಿ ಒಂದು ಮಾತ್ರ. ಮುಂದಿನ ವಿಚಾರವೆಲ್ಲಾ ಈ ಭೇದವನ್ನೇ ಅವಲಂಬಿಸಿದೆ.

೨

ಹೃದಯದ ಇಂತಹ ಪರೀಕ್ಷೆಯು ಪ್ರಾಚೀನ ಆಯುರ್ವೇದದಲ್ಲಿಯೂ ಇತ್ತೆಂದು ವಾದಿಸುವವರುಂಟು. ಅವರ ಆಧಾರಗಳು ಮೂರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೂ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ ಐದು ಬಗೆಯ ಹೃದ್ರೋಗಗಳು ಹೇಳಲ್ಪಟ್ಟಿವೆ ಎಂಬುದು ಮೊದಲನೆಯದು. ಮಾಧವನಿದಾನದ ಆಮವಾತಪ್ರಕರಣದಲ್ಲಿ ಸಂಧಿಗಳ ಊತ ನೋವುಗಳೊಡನೆ ಹೃದ್ಗ್ರಹವೂ ಎಣಿಸಲ್ಪಟ್ಟಿದೆ ಎಂಬುದು ಎರಡನೆಯದು. ಶಾರ್ಙ್ಗಧರಸಂಹಿತೆಯ ನಾಡೀಪರೀಕ್ಷೆಯಲ್ಲಿ ಕಪ್ಪೆಯಂತೆ ನೆಗೆಯುವ ನಾಡಿಯು ವರ್ಣಿತವಾಗಿದೆ. ಮಹಾಧಮನಿಯ ಕವಾಟ ಸೋರುವಾಗಿನ ನಾಡಿಯೂ ಹಾಗೆಯೇ ನೆಗೆದು ಕುಸಿಯುತ್ತದೆ ಎಂಬುದು ಮೂರನೆಯದು.

ಇವನ್ನು ಒಂದೊಂದಾಗಿ ನೋಡೋಣ. ಹೃದ್ರೋಗಗಳು ಐದೆಂಬುದು ನಿಜವೇ. ಆದರೆ ಆ ವಿಭಾಗವು ವಾತ, ಪಿತ್ತ, ಕಫ, ಸನ್ನಿಪಾತ, ಕ್ರಿಮಿ ಎಂಬ ಕಾರಣಗಳನ್ನು ಅನುಸರಿಸಿದುದು. ಹೃದಯದ ದ್ವಾರಗಳನ್ನು ಅನುಸರಿಸಿದುದಲ್ಲ. ಆಮವಾತದ ವಿಷಯದಲ್ಲಿ ಮಾಧವಕರನ ಸೂಕ್ಷ್ಮದೃಷ್ಟಿಯು ಶ್ಲಾಘ್ಯವಾದುದು. ಸಂಧಿಗಳನ್ನು ಹಿಡಿಯುವ ಜ್ವರವೊಂದು ಹೃದಯವನ್ನೂ ಹಿಡಿಯುತ್ತದೆ ಎಂಬುದನ್ನು ಪ್ಯಾರಿಸಿನ ಬೂಯೋ ಎಂಬ ವೈದ್ಯನು ನಿಯಮರೂಪವಾಗಿ ಸಾರಿದುದು ೧೮೩೬ರ ಹೊತ್ತಿಗೆ. ಗಂಟಲಿನಲ್ಲಿ ಸೇರುವ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯನ್ನು ಹಿಂಬಾಲಿಸಿ ಬರುವ ಆ ಜ್ವರವೇ ಭಾರತದಲ್ಲಿ ಎಳೆಯರ ಹೃತ್ಕವಾಟಗಳನ್ನು ಕೆಡಿಸುವ ಮುಖ್ಯ ಕಾರಣವೆಂದು ಈಗ ಗೊತ್ತಾಗಿದೆ. ಆದರೂ ಹೃದ್ಗ್ರಹವೆಂಬುದು ರೋಗಿಗೆ ಎದೆಯಲ್ಲಿ ತೋರುವ ಬಾಧೆಯ ಹೆಸರೇ ವಿನಾ ಕವಾಟವಿಕಾರದ ಹೆಸರಲ್ಲ. ಇನ್ನು ಕಪ್ಪೆಯ ಗತಿಯ ನಾಡಿಯನ್ನು ಶಾರ್ಙ್ಗಧರನು ಪಿತ್ತಪ್ರಕೋಪಕ್ಕೆ ಲಿಂಗವೆಂದು ಹೇಳಿದ್ದಾನೆ. ಉಪಮಾನವು ಸಮಾನವಾದ ಮಾತ್ರಕ್ಕೆ ಉಪಮೇಯವು ಒಂದೇ ಆಗಲಾರದು. ಮೇಲಾಗಿ ನಾಡೀಪರೀಕ್ಷೆಯು ಚರಕ, ಸುಶ್ರುತ, ವಾಗ್ಭಟರಲ್ಲಿ ರೋಗನಿರ್ಣಯದ ಅಂಗವಾಗಿ ಕಾಣಬರುವುದೂ ಇಲ್ಲ.

ಹಾಗೆಂದು ಪ್ರಾಚೀನರಿಗೆ ಶ್ರವಣವು ತಿಳಿದಿರಲಿಲ್ಲವೆಂದು ಹೇಳುವುದೂ ಅನ್ಯಾಯ. ರಸನೇಂದ್ರಿಯವೊಂದನ್ನು ಬಿಟ್ಟು ಉಳಿದ ಎಲ್ಲಾ ಇಂದ್ರಿಯಗಳಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ಚರಕನು ವಿಮಾನಸ್ಥಾನದಲ್ಲಿ ವಿಧಿಸಿದ್ದಾನೆ. ಕರುಳಿನ ಸದ್ದು, ಸಂಧಿಗಳ ಸಿಡಿತ, ಸ್ವರಭೇದ ಇವುಗಳನ್ನೂ, ಶರೀರದಲ್ಲಿರುವ ಬೇರೆ ಶಬ್ದಗಳನ್ನೂ ಕಿವಿಯಿಂದ ತಿಳಿಯಬೇಕೆಂಬುದು ಅಲ್ಲಿಯ ಅಭಿಪ್ರಾಯ. ಬಾಗಿಲು ತೆರೆದೇ ಇತ್ತು. ಆದರೂ ಅದನ್ನು ದಾಟಿ ಹೃದಯದ ಶಬ್ದಗಳವರೆಗೆ ಹೋಗಲಾಗಲಿಲ್ಲವೇಕೆ?

ಇದಕ್ಕೆ ಉತ್ತರವು ಸುಶ್ರುತನ ಶಾರೀರಸ್ಥಾನದಲ್ಲಿಯೇ ದೊರೆಯುತ್ತದೆ. ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬಳಿಕ ಮೆಲ್ಲಮೆಲ್ಲನೆ ಉಜ್ಜಿ, ಒಳಗಿನ ಅಂಗಗಳನ್ನು ಕಣ್ಣಾರೆ ನೋಡಬೇಕೆಂದು ಆತನು ವಿಧಿಸಿದ್ದಾನೆ. ಆದರೆ ಆ ಶವವು ಎಂತಹದಾಗಿರಬೇಕು? ವಿಷದಿಂದ ಸತ್ತವನದಾಗಿರಬಾರದು, ನೂರು ವರ್ಷ ಬದುಕಿದವನದಾಗಿರಬಾರದು, ದೀರ್ಘವ್ಯಾಧಿಯಿಂದ ಪೀಡಿತನಾಗಿದ್ದವನದೂ ಆಗಿರಬಾರದು. ಶಲ್ಯವೈದ್ಯನಿಗೆ ಸ್ವಸ್ಥಶರೀರದ ರಚನೆಯು ತಿಳಿಯಬೇಕೆಂಬ ಉದ್ದೇಶಕ್ಕೆ ಈ ನಿಯಮವು ಸರಿಯಾದುದೇ. ಆದರೆ ದೀರ್ಘವ್ಯಾಧಿಯವನ ಶವವನ್ನು ಬಿಟ್ಟಮೇಲೆ, ಜೀವಿಸಿದ್ದಾಗ ತೋರಿದ ಲಿಂಗಕ್ಕೂ ಒಳಗಿದ್ದ ವಿಕಾರಕ್ಕೂ ಸಹಚಾರವನ್ನು ಕಾಣುವ ಮಾರ್ಗವೇ ಮುಚ್ಚಿಹೋಯಿತು. ಧೂಮವನ್ನೂ ಅಗ್ನಿಯನ್ನೂ ಅಡುಗೆಮನೆಯಲ್ಲಿ ಒಟ್ಟಿಗೆ ಕಂಡವನಿಗಲ್ಲವೇ ಪರ್ವತದಲ್ಲಿ ಅಗ್ನಿಯನ್ನು ಊಹಿಸಲು ಸಾಧ್ಯ? ವ್ಯಾಪ್ತಿಗ್ರಹಣಕ್ಕೆ ಬೇಕಾದ ಆ ಅಡುಗೆಮನೆಯು ಇಲ್ಲಿ ಇರಲಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಪ್ರಾಚೀನರ ಗೌರವಕ್ಕೆ ಕುಂದಿಲ್ಲ. ಇಲ್ಲದುದನ್ನು ಅವರ ಮೇಲೆ ಆರೋಪಿಸುವುದರಿಂದಲೇ ಕುಂದು.

೩

ಆ ಅಡುಗೆಮನೆಯು ದೊರೆತುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಪ್ಯಾರಿಸಿನ ಆಸ್ಪತ್ರೆಗಳಲ್ಲಿ. ಅಲ್ಲಿ ದೀರ್ಘವ್ಯಾಧಿಯಿಂದ ಸತ್ತವರ ಶರೀರಗಳನ್ನೇ ಛೇದಿಸಿ ನೋಡುತ್ತಿದ್ದರು. ಲೆನೆಕ್ಕನ ಗುರುವಾದ ಕೋರ್ವಿಸಾರನು ೧೮೦೬ರಲ್ಲಿ ಹೃದ್ರೋಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ಕ್ರಮವನ್ನು ವಿಯೆನ್ನಾದ ಆವೆನ್‌ಬ್ರುಗ್ಗರನು ೧೭೬೧ರಲ್ಲಿ ಹೇಳಿದ್ದರೂ ಅದನ್ನು ಬಹುಮಂದಿ ಗಮನಿಸಿರಲಿಲ್ಲ. ಕೋರ್ವಿಸಾರನು ೧೮೦೮ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದು ಪ್ರಚಾರಪಡಿಸಿದನು. ದ್ವಿದಳಕವಾಟದ ದ್ವಾರ ಕಿರಿದಾದವರ ಎದೆಯ ಮೇಲೆ ಕೈಯಿಟ್ಟರೆ ತೋರುವ ಒಂದು ಬಗೆಯ ಕಂಪನವನ್ನು ಗುರುತಿಸಿದವನೂ ಆತನೇ. ಆ ಕಂಪನವನ್ನು ಸುಖದಿಂದ ಗುರುಗುಟ್ಟುವ ಬೆಕ್ಕಿನ ಮೈಗೆ ಹೋಲಿಸಿ ಹೆಸರಿಟ್ಟವನು ಶಿಷ್ಯನಾದ ಲೆನೆಕ್.

ಲೆನೆಕ್ಕನಿಗೆ ಶ್ರವಣಸಾಧನವು ದೊರೆತ ಕಥೆಯು ಪ್ರಸಿದ್ಧವಾದುದು. ೧೮೧೬ರಲ್ಲಿ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ತರುಣಿಯನ್ನು ಪರೀಕ್ಷಿಸಬೇಕಾಯಿತು. ಆಕೆಯು ಸ್ಥೂಲದೇಹದವಳಾದುದರಿಂದ ಎದೆಯನ್ನು ತಟ್ಟಿ ನೋಡುವುದರಿಂದ ಪ್ರಯೋಜನವಾಗಲಿಲ್ಲ. ಎದೆಗೇ ಕಿವಿಯಿಡುವುದು ಮರ್ಯಾದೆಯಲ್ಲ. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಕೇಳಿಸುವುದೆಂಬುದು ಆತನ ನೆನಪಿಗೆ ಬಂತು. ಕಾಗದವನ್ನು ಬಿಗಿಯಾಗಿ ಸುತ್ತಿ ಅದರ ಮೂಲಕ ಆಲಿಸಿದಾಗ, ಬರಿಯ ಕಿವಿಗಿಂತಲೂ ಸ್ಪಷ್ಟವಾಗಿ ಹೃದಯದ ಶಬ್ದವು ಕೇಳಿಸಿತು. ಬಳಿಕ ಮರದ ಕೊಳವೆಯನ್ನು ಮಾಡಿ ಅದಕ್ಕೆ ಸ್ಟೆತಾಸ್ಕೋಪು ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವು ಎದೆಯನ್ನು ನೋಡುವುದು ಎಂದು. ಕೇಳುವ ಸಾಧನಕ್ಕೆ ನೋಡುವುದೆಂಬ ಹೆಸರು ಬಂದುದು ಆಕಸ್ಮಿಕವಾಗಿರಲಾರದು. ಶವಚ್ಛೇದದಲ್ಲಿ ಕಣ್ಣಿಗೆ ಕಾಣುವುದನ್ನು ಬದುಕಿರುವವನಲ್ಲಿ ಕಿವಿಯಿಂದ ಕಾಣಬೇಕೆಂಬುದೇ ಗ್ರಂಥದ ಪ್ರತಿಜ್ಞೆಯಾಗಿತ್ತು.

ಈ ಪ್ರತಿಜ್ಞೆಯನ್ನು ನಿರ್ವಹಿಸಿದ ರೀತಿಯಲ್ಲಿ ಲೆನೆಕ್ಕನ ದೊಡ್ಡತನವಿದೆ. ಆತನು ಶಬ್ದಗಳನ್ನು ಬೇರ್ಪಡಿಸಿ ವರ್ಣಿಸಿದನು: ತಿದಿಯ ಊದುವಿಕೆಯಂತಹದು ಒಂದು, ಅರದಿಂದ ಉಜ್ಜಿದಂತಹದು ಮತ್ತೊಂದು, ಒರಟಾದ ಮರಗೆಲಸದ ಅರದಂತಹದು ಇನ್ನೊಂದು. ಕಮ್ಮಾರಸಾಲೆಯಿಂದಲೂ ಬಡಗಿಯ ಮನೆಯಿಂದಲೂ ತಂದ ಈ ಉಪಮೆಗಳು ಶಾರ್ಙ್ಗಧರನ ಹಾವು, ಕಪ್ಪೆ, ಹಂಸಗಳ ಉಪಮೆಗಳಿಗಿಂತ ಉತ್ತಮವಾದುವೆಂದು ಹೇಳಲಾಗದು. ಉಪಮೆಯಾಗಿ ಎರಡೂ ಸಮಾನವೇ. ಭೇದವಿರುವುದು ಬೇರೆಡೆಯಲ್ಲಿ. ಲೆನೆಕ್ಕನ ಉಪಮೆಯ ಹಿಂದೆ ಛೇದಿಸಿ ನೋಡಿದ ಹೃದಯವೊಂದಿದೆ. ಕೇಳಿದುದನ್ನು ಕಂಡುದರೊಡನೆ ತಾಳೆನೋಡಿ, ತಪ್ಪಿದರೆ ತಪ್ಪೆಂದು ತಿಳಿಯುವ ಅವಕಾಶವಿದೆ.

೪

ಇನ್ನು ದೋಷಗಳು. ಹೃದಯಭಾಗದಲ್ಲಿ ಲೆನೆಕ್ಕನ ಮುಖ್ಯದೋಷಗಳು ಎರಡು.

ಮೊದಲನೆಯದು ಎರಡು ಶಬ್ದಗಳ ಕಾರಣವನ್ನು ಕುರಿತದ್ದು. ಮೊದಲ ಶಬ್ದವು ನಾಡಿಯ ಏಟಿನೊಡನೆ ಬರುವುದರಿಂದ ಅದು ಹೃತ್ಕುಕ್ಷಿಯ ಆಕುಂಚನದ ಶಬ್ದವೆಂದೂ, ಎರಡನೆಯದು ಹೃತ್ಕರ್ಣದ ಆಕುಂಚನದ ಶಬ್ದವೆಂದೂ ಆತನು ನಿರ್ಣಯಿಸಿದನು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಪರಿಶೇಷಾನುಮಾನದಂತೆ ತೋರುತ್ತದೆ. ಆಕುಂಚಿಸುವ ಕೋಣೆಗಳು ಎರಡು ಬಗೆ, ಶಬ್ದಗಳೂ ಎರಡು. ಒಂದು ಕುಕ್ಷಿಗೆ ಸಂದಿತು, ಉಳಿದುದು ಕರ್ಣಕ್ಕೆ ಸಲ್ಲಬೇಕು. ಆದರೆ ಸಂಭವವಿರುವ ಪಕ್ಷಗಳನ್ನೆಲ್ಲಾ ಎಣಿಸಿದಾಗ ಮಾತ್ರ ಪರಿಶೇಷವು ಪ್ರಮಾಣವಾಗುತ್ತದೆ. ಕವಾಟಗಳು ಮುಚ್ಚುವಾಗಲೂ ಶಬ್ದವಾಗಬಹುದೆಂಬ ಪಕ್ಷವು ಆ ಎಣಿಕೆಯಲ್ಲಿ ಸೇರಿರಲಿಲ್ಲ. ಹೃತ್ಕರ್ಣವು ಕುಕ್ಷಿಗಿಂತ ಮೊದಲು ಆಕುಂಚಿಸುವುದೆಂದು ಇಂಗ್ಲೆಂಡಿನ ಹಾರ್ವೆಯು ೧೬೨೮ರಲ್ಲಿಯೇ ಪ್ರಾಣಿಗಳ ಹೃದಯವನ್ನು ನೋಡಿ ಹೇಳಿದ್ದನು; ಆ ಪ್ರತ್ಯಕ್ಷಕ್ಕೂ ಲೆನೆಕ್ಕನ ನಿರ್ಣಯವು ವಿರುದ್ಧವಾಗಿತ್ತು. ತಾರ್ಕಿಕರು ಇದನ್ನು ಬಾಧಿತವೆನ್ನುವರು. ೧೮೩೨ರಲ್ಲಿ ಪ್ಯಾರಿಸಿನ ರುವಾನೇ ಎಂಬವನು, ಕರ್ಣಕುಕ್ಷಿಗಳ ನಡುವಣ ಕವಾಟಗಳು ಮುಚ್ಚುವುದರಿಂದ ಮೊದಲ ಶಬ್ದವೂ, ಧಮನಿಗಳ ಕವಾಟಗಳು ಮುಚ್ಚುವುದರಿಂದ ಎರಡನೆಯದೂ ಆಗುತ್ತವೆಂದು ಪ್ರತಿಪಾದಿಸಿದನು. ಇಂಗ್ಲೆಂಡಿನಲ್ಲಿ ಹೋಪ್ ಮೊದಲಾದವರು ಪ್ರಾಣಿಗಳಲ್ಲಿ ಪ್ರಯೋಗ ನಡೆಸಿ ಈ ವಿಷಯವನ್ನು ಶೋಧಿಸಿದರು.

ಇದು ಬರಿಯ ಸಿದ್ಧಾಂತದ ತಪ್ಪೆಂದು ಕಡೆಗಣಿಸಲಾಗದು. ಮರ್ಮರವು ಯಾವ ಕಾಲದಲ್ಲಿ ಬರುವುದೆಂಬುದೇ ಕವಾಟನಿರ್ಣಯದ ಮೂಲ. ಕುಕ್ಷಿಯು ಆಕುಂಚಿಸುವಾಗ ಬರುವ ಮರ್ಮರವು ಮಹಾಧಮನಿಯ ದ್ವಾರಸಂಕೋಚವನ್ನೋ ದ್ವಿದಳಕವಾಟದ ಪ್ರತಿಸ್ರಾವವನ್ನೋ ಸೂಚಿಸಬಹುದು. ಕುಕ್ಷಿಯು ವಿಕಾಸಗೊಳ್ಳುವಾಗ ಬರುವುದು ದ್ವಿದಳಕವಾಟದ ದ್ವಾರಸಂಕೋಚವನ್ನೋ ಮಹಾಧಮನಿಯ ಪ್ರತಿಸ್ರಾವವನ್ನೋ ಸೂಚಿಸಬಹುದು. ತಾಳವು ತಪ್ಪಿದರೆ ಹಾಡಿನ ಎಡುಪನ್ನು ಹಿಡಿಯಲಾಗದು. ಕಾಲವು ತಪ್ಪಿದರೆ ಯಾವ ಕವಾಟ, ಯಾವ ದೋಷ ಎಂದು ಹೇಳಲಾಗದು.

ಎರಡನೆಯ ದೋಷವು ಇದಕ್ಕಿಂತಲೂ ಗಂಭೀರವಾದುದು. ೧೮೧೯ರ ಗ್ರಂಥದಲ್ಲಿ ಲೆನೆಕ್ಕನು ತಿದಿಯ ಶಬ್ದವನ್ನು ಕವಾಟಗಳ ವಿಕಾರಕ್ಕೆ ಲಿಂಗವೆಂದು ಭಾವಿಸಿದ್ದನು. ಬಳಿಕ ಆ ಶಬ್ದವು ಸ್ಪಷ್ಟವಾಗಿ ಕೇಳಿದ್ದ ಕೆಲವರ ಹೃದಯವನ್ನು ಛೇದಿಸಿದಾಗ ಕವಾಟಗಳು ನಿರ್ದುಷ್ಟವಾಗಿದ್ದುವು. ಹೇತುವು ವ್ಯಭಿಚರಿಸಿತು. ಅದನ್ನು ಮುಚ್ಚಿಡದೆ, ೧೮೨೬ರ ಎರಡನೆಯ ಮುದ್ರಣದಲ್ಲಿ ತನ್ನ ಅಭಿಪ್ರಾಯವನ್ನು ಬದಲಾಯಿಸಿದುದು ಆತನ ಸತ್ಯನಿಷ್ಠೆಗೆ ಸಾಕ್ಷಿ. ಆದರೆ ಬದಲಾಯಿಸಿದ ರೀತಿಯು ಯುಕ್ತವಾಗಿರಲಿಲ್ಲ. ಆ ಶಬ್ದವು ಮಾಂಸಪೇಶಿಯ ಸೆಳೆತದಿಂದ ಆಗುವುದೆಂದು ಆತನು ಹೇಳಿದನು. ಸೆಳೆತವಾದರೋ ಮರಣದೊಡನೆ ಅಳಿದುಹೋಗುವಂತಹದು. ಛೇದಿಸಿ ನೋಡಿದರೆ ಅದರ ಗುರುತು ಉಳಿದಿರುವುದಿಲ್ಲ. ಕೇಳಿದುದನ್ನು ಕಂಡುದರಿಂದ ಪರೀಕ್ಷಿಸಬೇಕೆಂದು ಹೊರಟ ಗ್ರಂಥವು, ಎಂದಿಗೂ ಕಾಣಲಾಗದ ಕಾರಣವನ್ನು ಕಲ್ಪಿಸಿಕೊಂಡು ತನ್ನ ಪ್ರತಿಜ್ಞೆಯನ್ನೇ ಬಿಟ್ಟಂತಾಯಿತು.

ವ್ಯಭಿಚಾರವು ಕಂಡಾಗ ಮಾಡಬೇಕಾದುದೇನು? ವ್ಯಾಪ್ತಿಯನ್ನು ಪೂರ್ತಿಯಾಗಿ ಎಸೆಯುವುದಲ್ಲ, ಉಪಾಧಿಯನ್ನು ಹುಡುಕುವುದು. ಅಗ್ನಿಯಿದ್ದಲ್ಲೆಲ್ಲಾ ಧೂಮವಿರುವುದೆಂಬ ಮಾತು ಹಸಿಯ ಸೌದೆಯೆಂಬ ಉಪಾಧಿಯಿದ್ದರೆ ಮಾತ್ರ ನಿಲ್ಲುತ್ತದೆ ಎಂಬುದು ತರ್ಕದ ಮೊದಲ ಪಾಠಗಳಲ್ಲಿ ಒಂದು. ಇಲ್ಲಿಯ ಉಪಾಧಿಯು ರಕ್ತಪ್ರವಾಹದ ವೇಗ. ರಕ್ತಹೀನತೆ, ಜ್ವರ, ಗರ್ಭ ಮುಂತಾದ ಅವಸ್ಥೆಗಳಲ್ಲಿ ಪ್ರವಾಹದ ವೇಗವು ಹೆಚ್ಚಿ, ಕವಾಟಗಳು ಸ್ವಸ್ಥವಾಗಿದ್ದರೂ ಮರ್ಮರವು ಹುಟ್ಟಬಹುದು. ಲೆನೆಕ್ಕನಿಗೆ ಎದುರಾದ ಅಪವಾದಗಳಲ್ಲಿ ಕೆಲವಾದರೂ ಇಂತಹವಾಗಿರುವ ಸಂಭವವುಂಟು. ಆ ಎರಡನೆಯ ಮುದ್ರಣವು ಹೊರಟ ವರ್ಷವೇ ಆತನು ಕಾಲವಾದುದರಿಂದ ಈ ಶೋಧನೆಯು ಇತರರ ಪಾಲಿಗೆ ಬಂತು.

೫

ಆಮೇಲಿನವರು ಮಾಡಿದ ಕೆಲಸವನ್ನು ಉಪಾಧಿಗಳ ಅನ್ವೇಷಣೆಯೆಂದೇ ಹೇಳಬಹುದು. ಡಬ್ಲಿನ್ನಿನ ಕೊರಿಗನ್ನನು ೧೮೩೨ರಲ್ಲಿ ಮಹಾಧಮನಿಯ ಪ್ರತಿಸ್ರಾವವನ್ನು ಕುರಿತು ಬರೆದನು. ಕುತ್ತಿಗೆ ಮತ್ತು ತೋಳುಗಳ ಧಮನಿಗಳು ಕಣ್ಣಿಗೆ ಕಾಣುವಂತೆ ಹಾರುವುದನ್ನು ಮರ್ಮರದೊಡನೆ ಸೇರಿಸಿ ಆತನು ರೋಗವನ್ನು ನಿರ್ಣಯಿಸಿದನು. ಇಂತಹ ನಾಡಿಯನ್ನೂ ಕೆಟ್ಟ ಕವಾಟವನ್ನೂ ಒಬ್ಬನೇ ರೋಗಿಯಲ್ಲಿ ಕಂಡು ೧೭೧೫ರಲ್ಲಿಯೇ ಬರೆದಿದ್ದ ವ್ಯೂಸಾನನಿಗೂ ಈ ಕೀರ್ತಿಯಲ್ಲಿ ಪಾಲು ಸಲ್ಲಬೇಕು. ಆದರೆ ನೆಗೆದು ಕುಸಿಯುವ ನಾಡಿಯು ರಕ್ತಹೀನತೆಯಲ್ಲಿಯೂ, ಜ್ವರದಲ್ಲಿಯೂ, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯು ಮಿತಿಮೀರಿದಾಗಲೂ ಬರಬಹುದು. ಒಂದೊಂದಾಗಿ ವ್ಯಭಿಚರಿಸುವ ಲಿಂಗಗಳು ಒಟ್ಟುಗೂಡಿದಾಗ ಗಟ್ಟಿಯಾಗುತ್ತವೆ ಎಂಬುದೇ ಇಲ್ಲಿಯ ಪಾಠ.

ಪ್ಯಾರಿಸಿನ ದ್ಯುರೋಜಿಯೇ ಎಂಬವನು ದ್ವಿದಳಕವಾಟದ ದ್ವಾರಸಂಕೋಚದಲ್ಲಿ ಕೇಳುವ ಶಬ್ದಕ್ರಮವನ್ನು ‘ಫ್ಫು-ತ-ತ-ರೂ’ ಎಂಬ ಅಕ್ಷರಗಳಿಂದ ತಿಳಿಸಿದನು. ಮೃದಂಗದ ಪಾಠವನ್ನು ಸೊಲ್ಲುಕಟ್ಟುಗಳಿಂದ ಹೇಳಿಕೊಡುವ ನಾಡಿನವರಿಗೆ ಈ ಉಪಾಯದ ಬೆಲೆಯು ಸುಲಭವಾಗಿ ತಿಳಿಯುತ್ತದೆ. ಕರ್ಣವು ಆಕುಂಚಿಸಿ ಕಿರಿದಾದ ದ್ವಾರದಲ್ಲಿ ರಕ್ತವನ್ನು ನೂಕುವ ಸದ್ದು, ಗಟ್ಟಿಯಾದ ಮೊದಲ ಶಬ್ದ, ಎರಡನೆಯ ಶಬ್ದ, ಬಿಗಿದ ಕವಾಟವು ತಟಕ್ಕನೆ ತೆರೆಯುವುದು, ಬಳಿಕ ಗುಡುಗುಡುಗುಟ್ಟುವ ತಗ್ಗಿದ ಮರ್ಮರ, ಇವೆಲ್ಲವೂ ಒಂದು ಆವರ್ತದಲ್ಲಿ ಅಡಕವಾಗಿವೆ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಹೃದಯದ ತುದಿ ಬಡಿಯುವ ಸ್ಥಳದಲ್ಲಿ ಸಾಧನವನ್ನು ಮೆಲ್ಲಗೆ ಇಟ್ಟು ಆಲಿಸದಿದ್ದರೆ ಇದು ತಪ್ಪಿಹೋಗುವ ಸಂಭವ ಹೆಚ್ಚು.

ಇಷ್ಟು ಸ್ಪಷ್ಟವಾದ ಲಿಂಗಕ್ಕೂ ಅಪವಾದವು ಬಂತು. ಅಮೆರಿಕದ ಆಸ್ಟಿನ್ ಫ್ಲಿಂಟನು ೧೮೬೨ರಲ್ಲಿ, ಮಹಾಧಮನಿಯ ಕವಾಟ ಸೋರುತ್ತಿದ್ದ ಇಬ್ಬರು ರೋಗಿಗಳಲ್ಲಿ ದ್ವಿದಳಕವಾಟದ ದ್ವಾರಸಂಕೋಚಕ್ಕೆ ಉಚಿತವಾದ ಮರ್ಮರವನ್ನೇ ಕೇಳಿ, ಅವರು ಸತ್ತ ಬಳಿಕ ನೋಡಿದಾಗ ದ್ವಿದಳಕವಾಟವು ಕೆಡದೆ ಇದ್ದುದನ್ನು ವರದಿಮಾಡಿದನು. ಲೆನೆಕ್ಕನಿಗೆ ಬಂದ ಸಂಕಟವೇ ಈತನಿಗೂ ಬಂತು. ಆದರೆ ಈತನು ವ್ಯಾಪ್ತಿಯನ್ನು ಬಿಡಲಿಲ್ಲ. ಕಾಣಲಾಗದ ಸೆಳೆತವನ್ನು ಕಲ್ಪಿಸಲೂ ಇಲ್ಲ. ಹಿಂದಕ್ಕೆ ಸೋರಿದ ರಕ್ತದಿಂದ ಕುಕ್ಷಿಯು ಬೇಗನೆ ತುಂಬುವುದರಿಂದ, ಸ್ವಸ್ಥವಾದ ದಳಗಳೇ ಮೇಲಕ್ಕೆ ತೇಲಿ ದ್ವಾರವನ್ನು ಕಿರಿದುಮಾಡುತ್ತವೆಂದು ವಿವರಿಸಿದನು. ವಿವರಣೆಯ ಅಂಶಗಳಲ್ಲಿ ಮತಭೇದವಿದ್ದರೂ ಮಾರ್ಗವು ನಿರ್ದುಷ್ಟವಾದುದು. ಲೆನೆಕ್ಕನ ಎರಡನೆಯ ಮುದ್ರಣಕ್ಕೆ ಸರಿಯಾದ ಖಂಡನವು ಇದೇ.

ಲಿಂಗವನ್ನು ಅತಿಯಾಗಿ ನಂಬುವುದರಿಂದ ಮನುಷ್ಯರಿಗಾಗುವ ಹಾನಿಯನ್ನು ಸ್ಕಾಟ್ಲೆಂಡಿನ ಜೇಮ್ಸ್ ಮೆಕೆಂಜಿಯು (೧೮೫೩–೧೯೨೫) ಎತ್ತಿ ತೋರಿಸಿದನು. ಆಕುಂಚನಕಾಲದ ಮರ್ಮರವೊಂದನ್ನೇ ಕೇಳಿ, ಹೃದಯದ ಗಾತ್ರವನ್ನಾಗಲಿ ಶಕ್ತಿಯನ್ನಾಗಲಿ ನೋಡದೆ, ಆರೋಗ್ಯವಂತರನ್ನು ಹೃದ್ರೋಗಿಗಳೆಂದು ಹೇಳುವುದನ್ನು ಆತನು ವಿರೋಧಿಸಿದನು. ಹಾಗೆ ಹೇಳಿಸಿಕೊಂಡವನಿಗೆ ಇಲ್ಲದ ರೋಗದ ಭಯವೇ ಒಂದು ರೋಗವಾಗಿ ಅಂಟಿಕೊಳ್ಳುತ್ತದೆ. ೧೯೩೩ರಲ್ಲಿ ಬಾಸ್ಟನ್ನಿನ ಲೆವೈನ್ ಮತ್ತು ಫ್ರೀಮನ್ನರು ಮರ್ಮರದ ಗಟ್ಟಿತನಕ್ಕೆ ಆರು ಮೆಟ್ಟಿಲುಗಳನ್ನು ಏರ್ಪಡಿಸಿದರು. ಇದು ಉಪಯುಕ್ತವಾದ ಪರಿಭಾಷೆ. ಆದರೆ ಸದ್ದಿನ ಗಟ್ಟಿತನವನ್ನೇ ರೋಗದ ಗಟ್ಟಿತನವೆಂದು ತಿಳಿಯಬಾರದು. ಮಹಾಧಮನಿಯ ದ್ವಾರವು ಅತ್ಯಂತ ಕಿರಿದಾಗಿ ಹೃದಯವು ಸೋತಾಗ, ನೂಕುವ ಬಲ ಕುಗ್ಗುವುದರಿಂದ ಮರ್ಮರವೂ ಕುಗ್ಗುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿದ್ದರೂ ಧೂಮವಿಲ್ಲವೆಂಬ ತಾರ್ಕಿಕರ ಉದಾಹರಣೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಮರ್ಮರವು ಕಡಮೆಯಾಯಿತೆಂದು ವೈದ್ಯನು ಸಂತೋಷಪಡುವ ಹೊತ್ತಿಗೆ ರೋಗಿಯು ಕೈಮೀರುತ್ತಿರಬಹುದು.

ರೋಗಿಯ ಸ್ಥಿತಿಯನ್ನು ಬದಲಾಯಿಸಿ ಲಿಂಗವನ್ನು ಪರೀಕ್ಷಿಸುವ ಕ್ರಮವೂ ಬೆಳೆಯಿತು. ಮೆಕ್ಸಿಕೋದ ರಿವೆರೋ ಕಾರ್ವಾಯೋ ಎಂಬವನು ೧೯೪೬ರಲ್ಲಿ, ಉಸಿರನ್ನು ಒಳಕ್ಕೆಳೆದಾಗ ಮರ್ಮರವು ಹೆಚ್ಚಿದರೆ ಅದು ತ್ರಿದಳಕವಾಟದ ಪ್ರತಿಸ್ರಾವವನ್ನು ಸೂಚಿಸುವುದೆಂದು ತೋರಿಸಿದನು. ಮಹಾಧಮನಿಯ ಪ್ರತಿಸ್ರಾವದ ಸಣ್ಣ ಮರ್ಮರವು, ರೋಗಿಯು ಮುಂದಕ್ಕೆ ಬಾಗಿ ಉಸಿರನ್ನು ಹೊರಬಿಟ್ಟು ನಿಲ್ಲಿಸಿದಾಗ ಚೆನ್ನಾಗಿ ಕೇಳುತ್ತದೆ. ಗೂಢವಾದ ವ್ಯಾಧಿಯನ್ನು ಉಪಶಯದಿಂದ ತಿಳಿಯಬೇಕೆಂಬ ಆಯುರ್ವೇದದ ಮಾತು ಔಷಧ, ಆಹಾರ, ವಿಹಾರಗಳನ್ನು ಕುರಿತದ್ದಾದರೂ, ಅವಸ್ಥೆಯನ್ನು ಬದಲಾಯಿಸಿ ಲಿಂಗವನ್ನು ಮಾತನಾಡಿಸುವ ನ್ಯಾಯವು ಎರಡು ಕಡೆಯಲ್ಲಿಯೂ ಒಂದೇ.

೬

ಈಗ ಕಡೆಯ ಪೂರ್ವಪಕ್ಷ. ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ೧೯೫೩ರಲ್ಲಿ, ಕಿವಿಗೆ ಕೇಳದ ಶಬ್ದತರಂಗಗಳನ್ನು ಎದೆಗೆ ಕಳುಹಿಸಿ ಅವುಗಳ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಅದರಿಂದ ಬೆಳೆದ ಎಕೊ ಯಂತ್ರವು ಈಗ ಕವಾಟದ ದಳಗಳನ್ನೂ ರಕ್ತದ ಹಿಂಚಲನೆಯನ್ನೂ ಪರದೆಯ ಮೇಲೆ ತೋರಿಸುತ್ತದೆ. ಪ್ರತ್ಯಕ್ಷವೇ ದೊರೆತಮೇಲೆ ಅನುಮಾನವೇಕೆ? ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕಾಂಬೋಡಿಯಾ ಮತ್ತು ಮೊಜಾಂಬಿಕ್ ದೇಶಗಳ ಶಾಲಾಮಕ್ಕಳಲ್ಲಿ ಕಿವಿಯಿಂದ ಗುರುತಿಸಿದುದರ ಸುಮಾರು ಹತ್ತರಷ್ಟು ಕವಾಟವಿಕಾರಗಳು ಎಕೊ ಯಂತ್ರಕ್ಕೆ ಸಿಕ್ಕಿದುವು. ಇಷ್ಟು ಸೋತ ಪ್ರಮಾಣವನ್ನು ಇನ್ನೂ ಹಿಡಿದಿರುವುದು ಮೋಹವಲ್ಲವೇ?

ಪೂರ್ವಪಕ್ಷದ ಸಂಖ್ಯೆಯು ಅಂಗೀಕಾರ್ಯವೇ. ಕಾದ ಕಬ್ಬಿಣದ ಗುಂಡುಗಳು ಲೋಕದಲ್ಲಿ ಬಹಳವೆಂದೂ, ಮರ್ಮರವಿಲ್ಲದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದೆಂದೂ ಅದರಿಂದ ಸಿದ್ಧವಾಗುತ್ತದೆ. ಆದರೆ ಯಂತ್ರದಲ್ಲಿ ಕಾಣುವುದೂ ಶುದ್ಧಪ್ರತ್ಯಕ್ಷವಲ್ಲ. ಪ್ರತಿಧ್ವನಿಗಳಿಂದ ರಚಿತವಾದ ಚಿತ್ರ. ಸ್ವಸ್ಥರ ಕವಾಟಗಳಲ್ಲಿಯೂ ಅತ್ಯಲ್ಪವಾದ ಪ್ರತಿಸ್ರಾವವು ಅದರಲ್ಲಿ ಕಾಣುವುದುಂಟು. ಅದನ್ನೇ ರೋಗವೆಂದು ಹೇಳುವವನು, ಬರಿಯ ಮರ್ಮರವನ್ನು ಕೇಳಿ ರೋಗವೆಂದವನ ತಪ್ಪನ್ನೇ ಹೊಸ ಸಾಧನದಿಂದ ಮಾಡುತ್ತಾನೆ. ಸಾಧನವು ಬದಲಾದರೂ ಉಪಾಧಿಯ ವಿಚಾರವು ತಪ್ಪುವುದಿಲ್ಲ.

ಒಂದೇ ವಸ್ತುವಿನಲ್ಲಿ ಅನೇಕ ಪ್ರಮಾಣಗಳು ಪ್ರವರ್ತಿಸಬಹುದೆಂದು ನೈಯಾಯಿಕರ ಮತ. ಇದಕ್ಕೆ ಪ್ರಮಾಣಸಂಪ್ಲವವೆಂದು ಹೆಸರು. ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ನಿದರ್ಶನವು ಪ್ರಕೃತಕ್ಕೆ ಬಹಳ ಉಪಯುಕ್ತವಾಗಿದೆ. ಅಲ್ಲಿ ಅಗ್ನಿಯಿದೆಯೆಂದು ಆಪ್ತನು ಹೇಳಿದುದನ್ನು ಕೇಳಿದವನು ಹತ್ತಿರ ಹೋಗುತ್ತಾ ಧೂಮದಿಂದ ಅದನ್ನು ಅನುಮಾನಿಸುತ್ತಾನೆ. ಸಮೀಪಕ್ಕೆ ಬಂದು ಕಣ್ಣಾರೆ ಕಾಣುತ್ತಾನೆ. ಆಗ ಜಿಜ್ಞಾಸೆಯು ನಿವರ್ತಿಸುತ್ತದೆ. ಪ್ರತ್ಯಕ್ಷದಲ್ಲಿ ಜಿಜ್ಞಾಸೆಯು ನಿಂತರೂ ಆ ಕಡೆಗೆ ಹೆಜ್ಜೆಯಿಡಿಸಿದುದು ಮೊದಲಿನ ಎರಡು. ಮೆಟ್ಟಿಲು ಹತ್ತುವಾಗ ಏದುಸಿರೆಂದು ರೋಗಿಯು ಹೇಳುವ ಮಾತು ಶಬ್ದಪ್ರಮಾಣದ ಸ್ಥಾನದಲ್ಲಿದೆ. ನಾಡಿ, ಕಂಪನ, ಮರ್ಮರಗಳು ಅನುಮಾನದ ಸ್ಥಾನದಲ್ಲಿವೆ. ಎಕೊ ಯಂತ್ರವು ಪ್ರತ್ಯಕ್ಷದ ಸ್ಥಾನದಲ್ಲಿದೆ. ಯಂತ್ರವು ದೂರದ ನಗರದಲ್ಲಿರುವ ಹಳ್ಳಿಯೊಂದರಲ್ಲಿ, ಗರ್ಭಿಣಿಯೊಬ್ಬಳ ಏದುಸಿರನ್ನು ಬರಿಯ ಬಸಿರಿನ ಆಯಾಸವೆಂದು ಮನೆಯವರು ತಿಳಿದಿರುವಾಗ, ಆಕೆಯನ್ನು ಎಡಮಗ್ಗುಲಾಗಿ ಮಲಗಿಸಿ ಆಲಿಸುವ ವೈದ್ಯನೊಬ್ಬನಿದ್ದರೆ ದ್ವಿದಳಕವಾಟದ ದ್ವಾರಸಂಕೋಚವು ಸಕಾಲದಲ್ಲಿ ಗೊತ್ತಾಗಬಹುದು. ಗರ್ಭದಲ್ಲಿ ರಕ್ತದ ಪ್ರಮಾಣವು ಹೆಚ್ಚುವುದರಿಂದ, ಅದುವರೆಗೆ ಸುಮ್ಮನಿದ್ದ ಈ ರೋಗವು ಆಗಲೇ ಹೊರಬೀಳುವುದು ಸಾಮಾನ್ಯ. ಅಲ್ಲಿ ಕೇಳುವವನಿಲ್ಲದಿದ್ದರೆ ನಗರದ ಯಂತ್ರದಿಂದ ಆಕೆಗೆ ಏನು ಪ್ರಯೋಜನ?

ಒಟ್ಟಿನ ಮೇಲೆ ನಿರ್ಣಯವು ಹೀಗಿದೆ. ಲೆನೆಕ್ಕನ ಶ್ರವಣಗ್ರಂಥದ ಹೃದಯಭಾಗವು ಶಬ್ದವರ್ಣನೆಯಲ್ಲಿ ಉತ್ತಮ, ಕಾರಣನಿರ್ಣಯದಲ್ಲಿ ದುರ್ಬಲ. ಎರಡನೆಯ ಶಬ್ದದ ವಿಷಯದಲ್ಲಿ ಪಕ್ಷಗಳ ಎಣಿಕೆಯು ಅಪೂರ್ಣವಾಯಿತು. ಮರ್ಮರದ ವಿಷಯದಲ್ಲಿ ಉಪಾಧಿಯನ್ನು ಹುಡುಕುವುದರ ಬದಲು ಕಾಣಲಾಗದ ಕಾರಣವು ಕಲ್ಪಿತವಾಯಿತು. ಆದರೂ ಆ ಗ್ರಂಥವು ಕಲಿಸಿದ ಮಾರ್ಗದಿಂದಲೇ, ಅಂದರೆ ಕೇಳಿದುದನ್ನು ಕಂಡುದರೊಡನೆ ತಾಳೆನೋಡುವುದರಿಂದಲೇ, ಅದರ ತಪ್ಪುಗಳು ತಿದ್ದಲ್ಪಟ್ಟುವು. ಹೀಗೆ ತನ್ನ ಖಂಡನಕ್ಕೆ ಬೇಕಾದ ಸಾಧನವನ್ನು ತಾನೇ ಒದಗಿಸುವ ಗ್ರಂಥವು ಶಾಸ್ತ್ರಗಳಲ್ಲಿ ವಿರಳ. ಅದನ್ನು ಪೂಜಿಸುವುದಕ್ಕಿಂತ, ಅದು ನಿಂತ ಕಡೆಯಿಂದ ಮುಂದಕ್ಕೆ ಪರೀಕ್ಷಿಸುವುದೇ ಅದಕ್ಕೆ ಸಲ್ಲುವ ಗೌರವ.